ರಷ್ಯಾದ ಹುಡುಗರು ಕದಿಯದ ಹಾಡು

ಚಿನ್ನಿ, ಪುಟ್ಟಿ, ಇಬ್ಬರೂ ಕೇಳಿ. ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಎಷ್ಟು ಬರುತ್ತದೆ ಎಂಬುದು ನನಗೆ ಗೊತ್ತು. ಒಂದು ಸಾಲು ಮುಗಿಸುವಷ್ಟರಲ್ಲಿ ಒಂದು ಲೋಟ ನೀರು ಬೇಕಾಗುತ್ತದೆ. ಅವಸರವಿಲ್ಲ, ನಾನೂ ಅಷ್ಟೇ ನಿಧಾನವಾಗಿ ಬರೆದಿದ್ದೇನೆ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಮೇಲೆ ನಾನು ಬರೆದದ್ದೆಲ್ಲ ಕಿರಾಣಿ ಚೀಟಿಗಳೇ. ಅವುಗಳಲ್ಲಿ ತಪ್ಪಿದ್ದರೂ ಅಂಗಡಿಯವನು ಸರಿಯಾದ ಬೇಳೆಯನ್ನೇ ಕೊಡುತ್ತಿದ್ದ.

ಇದು ಹೆಚ್ಚಾಗಿ ಚಿನ್ನಿಯ ಕತೆ. ಆದ್ದರಿಂದ ‘ನೀನು’ ಎಂದಲ್ಲೆಲ್ಲ ಚಿನ್ನಿ ಎಂದು ತಿಳಿಯಿರಿ. ಪುಟ್ಟಿಯ ಪಾಲು ಬಂದಾಗ ಹೆಸರು ಹಿಡಿದೇ ಕರೆಯುತ್ತೇನೆ. ಪುಟ್ಟಿ, ಮುಖ ಊದಿಸಿಕೊಳ್ಳಬೇಡ, ಕೊನೆಯಲ್ಲಿ ನೀನೂ ಇದ್ದೀಯ.

ನಾನು ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೇ ಆಯುಷ್ಯ ಕಳೆದವಳು. ಕಡಲಾಚೆಯ ಈ ದೇಶದಲ್ಲಿ, ನಿಮ್ಮ ಹೌಗಾಂಗಿನ ಮನೆಯಲ್ಲಿ ಬಾಗಿಲ ಹಿಂದೆ ನಿಲ್ಲುವುದಕ್ಕೂ ಜಾಗವಿಲ್ಲ, ಅಲ್ಲಿ ಚಪ್ಪಲಿಯ ಕಪಾಟಿದೆ. ಅದಕ್ಕೇ ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಹೋದ ವರ್ಷ ಒಂದು ಮಧ್ಯಾಹ್ನ ಬೆಳ್ಳುಳ್ಳಿ ಬಿಡಿಸುತ್ತ ಹಾಗೆ ನಿಂತಿದ್ದಾಗ ನಿನ್ನ ಕೋಣೆಯಿಂದ ಒಂದು ದನಿ ಬಂತು. ಗಂಡಸಿನ ದನಿ. ಒಣಗಿದ ಬಾವಿಯ ತಳದಲ್ಲಿ ಕುಳಿತು ಯಾರನ್ನೋ ಕರೆಯುವಂತಿತ್ತು. ನಾನು ಬೆಳ್ಳುಳ್ಳಿಯನ್ನು ಕೈಯಲ್ಲೇ ಹಿಡಿದು ಓಡಿ ಬಂದೆ.

“ಯಾರು ಸತ್ತಾರವ್ವಾ?”

“ಯಾರೂ ಸತ್ತಿಲ್ಲ ಅಜ್ಜಿ. ಇದು ಬ್ಯಾಂಡ್. ರಷ್ಯಾದು. ಗಾಥಿಕ್ ಪೋಸ್ಟ್-ಪಂಕ್.”

“ಹಂಗಂದ್ರ?”

“ಸ್ಯಾಡ್ ಆಗಿರುತ್ತೆ. ಬಟ್ ಬೀಟ್ ಇರುತ್ತೆ.”

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಅರ್ಥವಾಗದೆ ಇರುತ್ತದೆಯೆ? ನೀನು ಫೋನನ್ನು ನನ್ನ ಕಡೆ ತಿರುಗಿಸಿದೆ. ನಾಲ್ಕು ಜನ ಹುಡುಗರು. ಕಪ್ಪು ಕೋಟು, ಕಪ್ಪು ಬೂಟು, ಕಣ್ಣಿಗೆ ಕಾಡಿಗೆ. ನಮ್ಮೂರಲ್ಲಿ ಕಾಡಿಗೆ ಹಚ್ಚುವುದು ಕೂಸಿಗೆ ದೃಷ್ಟಿ ತಾಗಬಾರದೆಂದು. ಇವರು ಯಾರ ದೃಷ್ಟಿಗೆ ಹೆದರಿದ್ದರೋ ತಿಳಿಯದು. ಹಿಮ ಬೀಳುತ್ತಿರುವ ಗೋರಿಗಳ ನಡುವೆ ನಿಂತಿದ್ದರು, ಒಬ್ಬನ ತಲೆಗೂ ಟೋಪಿಯಿಲ್ಲ. ಇವರಿಗೆ ತಾಯಂದಿರು ಇಲ್ಲವೆ, ನನಗೆ ಮೊದಲು ಅನ್ನಿಸಿದ್ದು ಅದೇ. ಒಬ್ಬ ಗಿಟಾರನ್ನು ಮೊಳಕಾಲ ತನಕ ಇಳಿಬಿಟ್ಟು ಒಂದೇ ತಂತಿಯನ್ನು ಡುಮ್ ಡುಮ್ ಎಂದು ಮೀಟುತ್ತಿದ್ದ, ಉಳಿದ ತಂತಿಗಳಿಗೆ ಸೂತಕ ಬಂದ ಹಾಗೆ. ನಾಲ್ವರ ಮುಖವೂ ಮೂರು ದಿನದಿಂದ ಊಟ ಸಿಗದವರ ಮುಖ.

“ಇವರು ಸುಮ್ನೆ ಬರಿಯಲ್ಲ ಅಜ್ಜಿ. ಟೂ ಹಂಡ್ರೆಡ್ ಇಯರ್ಸ್ ಹಿಂದಿನ ರೊಮ್ಯಾಂಟಿಕ್ ಪೊಯೆಟ್ಸ್ ಇದ್ರಲ್ಲ, ಅವರ ಪದ್ಯ ಓದಿ ಇನ್‌ಸ್ಪೈರ್ ಆಗ್ತಾರೆ.”

“ರೊಮ್ಯಾಂಟಿಕ್ ಅಂದ್ರ ಲಗ್ನದ ಹಾಡೇನು?”

“ಇಲ್ಲ ಅಜ್ಜಿ, ಗೋರಿ ಹಾಡು.”

ಆ ಕವಿಗಳು ಕೆಮ್ಮಿ ಕೆಮ್ಮಿ ಚಿಕ್ಕ ವಯಸ್ಸಿನಲ್ಲೇ ಸತ್ತವರಂತೆ. ಚಂದ್ರ, ಕಾಗೆ, ಪಾಳುಬಿದ್ದ ಗೋಡೆ, ಸತ್ತ ಪ್ರೇಯಸಿ, ಇಷ್ಟಿದ್ದರೆ ಅವರಿಗೆ ಪದ್ಯವಾಗುತ್ತಿತ್ತಂತೆ. ಇನ್ನೂರು ವರ್ಷ ಆದಮೇಲೆ ಈ ನಾಲ್ಕು ಹುಡುಗರು ಅದನ್ನೆಲ್ಲ ಓದಿ ದುಃಖಪಟ್ಟು ಹಾಡು ಕಟ್ಟುತ್ತಾರೆ. ಅದನ್ನು ಕೇಳಿ, ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತ ನನ್ನ ಮೊಮ್ಮಗಳು ದುಃಖಪಡುತ್ತಾಳೆ. ದುಃಖವೆಂಬುದು ಇಷ್ಟು ದೂರ ಸಾಗಾಣಿಕೆಯಾಗುವ ಸರಕು ಎಂದು ನನಗೆ ಗೊತ್ತಿರಲಿಲ್ಲ.

ನಗುತ್ತಲೇ ಒಂದು ಹಾಡಿನ ಅರ್ಥ ಕೇಳಿದೆ. ನೀನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಕೈಸನ್ನೆಗೆ ತಂದು ಹೇಳಿದೆ. ಒಬ್ಬ ಮನುಷ್ಯ ಹಿಮದಲ್ಲಿ ಮೇಣದಬತ್ತಿ ಹಿಡಿದು ತನ್ನವಳ ಗೋರಿಗೆ ಬರುತ್ತಾನೆ. ಬಾಗಿಲು ಬಡಿದ ಹಾಗೆ ಆ ಕಲ್ಲನ್ನು ಬಡಿಯುತ್ತಾನೆ. ‘ತೆಗೆ, ಹೊರಗೆ ಚಳಿ ಇದೆ’ ಎನ್ನುತ್ತಾನೆ. ಅಷ್ಟೇ ಹಾಡು.

ಆಗ ನಾನು ನಗುವುದನ್ನು ನಿಲ್ಲಿಸಿದೆ. ಕಾರಣ ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನಮ್ಮೂರಲ್ಲಿ ಸಾವಾದರೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ಎದುರಿಗೆ ಕೂರಿಸಿಕೊಂಡಂತೆ ಮಾತಾಡಿಸುತ್ತಾರೆ. ಎತ್ತಿಗೆ ನೀರು ಕುಡಿಸದೆ ಹೊರಟೆಯಲ್ಲೋ, ಅರ್ಧ ಕಟ್ಟಿದ ಗೋಡೆ ಬಿಟ್ಟೆಯಲ್ಲೋ ಎಂದು ಬೈಯುತ್ತಾರೆ. ನಮ್ಮದು ಲಿಂಗವಂತರ ಮನೆ, ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಮೂರನೆಯ ದಿನ ಆ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟು ಬರುತ್ತಾರೆ. ಆಮೇಲೂ ಮನಸ್ಸಾದಾಗ ಹೋಗಿ ಅದರ ಪಕ್ಕ ಕೂತು ಬರಬಹುದು. ಇದಕ್ಕೆ ಯಾರೂ ಗಿಟಾರು ಹಿಡಿಯುವುದಿಲ್ಲ.

ನಿಮ್ಮ ತಾತನಿಗೆ ಅದಾವುದೂ ಆಗಲಿಲ್ಲ. ಅವರು ಇಲ್ಲೇ ತೀರಿಕೊಂಡಾಗ ನಿಮ್ಮಪ್ಪ ಫೋನಿನಲ್ಲೇ ಎಲ್ಲವನ್ನೂ ಮುಗಿಸಿದ. ಅವನು ಆಂಗ್ ಮೋ ಕಿಯೋದ ಕಂಪನಿಯಲ್ಲಿ ಏನು ಮಾಡುತ್ತಾನೋ ನನಗೆ ಇಂದಿಗೂ ಗೊತ್ತಿಲ್ಲ, ಆದರೆ ಅಚ್ಚುಕಟ್ಟಾಗಿ ಮಾಡುತ್ತಾನೆ ಎಂದು ಅಂದು ಗೊತ್ತಾಯಿತು. ಇಲ್ಲಿ ಮಣ್ಣು ಮಾಡಿದರೂ ಕೆಲವು ವರ್ಷಕ್ಕೆ ಅಗೆದು ತೆಗೆಯುತ್ತಾರಂತೆ, ಊರಿಗೆ ಒಯ್ಯಲು ಬಹಳ ಕಾಗದಪತ್ರವಂತೆ. ಸುಟ್ಟು, ಬೂದಿಯನ್ನು ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಬಿಟ್ಟೆವು. ದೋಣಿಯವನು ಬಹಳ ಮರ್ಯಾದೆಯಿಂದ ನಡೆದುಕೊಂಡ. ಎಲ್ಲರೂ ಮರ್ಯಾದೆಯಿಂದಲೇ ನಡೆದುಕೊಂಡರು. ಅಷ್ಟು ಮರ್ಯಾದೆಯ ನಡುವೆ ಹಾಡಿಕೊಂಡು ಅಳುವುದು ಹೇಗೆ? “ನಿಂಗ ನಡೀತೈತೇನವ್ವಾ?” ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕುಳಿತೆ. ದುಃಖ ತಡೆಯಲಾರದೆ ಹಾಗೆ ಮಾಡಿದೆನೆಂದು ಎಲ್ಲರೂ ತಿಳಿದರು. ಮಾತು ತಡೆಯಲು ಒತ್ತಿಕೊಂಡಿದ್ದೆ.

ಇದಾಗಿ ಆರು ವರ್ಷಕ್ಕೆ ರಷ್ಯಾದ ಹುಡುಗ ಬಂದು ನನ್ನ ಅಡಿಗೆಮನೆಯಲ್ಲಿ ಗೋರಿ ಬಡಿದ.

ಮುಂದಿನದು ಕನ್ನಡ ಕೂಟದ ವಾರ್ಷಿಕ ಕಾರ್ಯಕ್ರಮ. ಅಲ್ಲಿ ಪ್ರತಿ ವರ್ಷ ಮಕ್ಕಳು ಅರ್ಥ ತಿಳಿಯದ ಹಾಡಿಗೆ ಕುಣಿಯುತ್ತಾರೆ, ದೊಡ್ಡವರು ಕನ್ನಡ ಉಳಿಸಬೇಕೆಂದು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಾರೆ, ಆಮೇಲೆ ಬಿಸಿಬೇಳೆಭಾತು. ನೀನು ನಿನ್ನ ಗೆಳತಿಯರ ಜೊತೆ ಆ ರಷ್ಯಾದ ಹಾಡು ಹಾಡುತ್ತೇನೆ ಎಂದೆ. ಸಾಂಸ್ಕೃತಿಕ ಕಾರ್ಯದರ್ಶಿ ಅಂಕಲ್ ಫೋನಿನಲ್ಲೇ ನಿಯಮ ಹೇಳಿದರು. “ಸ್ಟೇಜ್ ಮೇಲೆ ನಾನ್-ಕನ್ನಡ ಸಾಂಗ್ಸ್‌ಗೆ ಸ್ಟ್ರಿಕ್ಟಾಗಿ ಪರ್ಮಿಷನ್ ಇಲ್ಲ” ಎಂದರು. ಮೂರು ಕನ್ನಡ ಪದ ಬಳಸಿ ಅಷ್ಟು ಹೇಳಿದರು, ಪಾಪ.

ನೀನು ಅಡಿಗೆಮನೆಗೆ ಬಂದೆ. “ಅಜ್ಜಿ, ನೀನು ಇದನ್ನ ಕನ್ನಡದಲ್ಲಿ ಮಾಡಿಕೊಡ್ತೀಯಾ? ಟ್ಯೂನ್ ಅದೇ ಇರ್ಲಿ.”

“ನಾ ಏನ್ ಕವಿಯೇನ? ನಿಮ್ಮವ್ವನ್ನ ಕೇಳು, ಆಕಿ ಮೈಸೂರಾಕಿ, ಕಾಲೇಜು ಓದ್ಯಾಳ.”

ನಿಮ್ಮಮ್ಮ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದಳು: “ಅತ್ತೆ, ನೀವೇ ಮಾಡ್ಕೊಡಿ. ನನಗೆ ಕನ್ನಡದಲ್ಲಿ ಲೀವ್ ಲೆಟರ್ ಬರೆದೇ ಇಪ್ಪತ್ತು ವರ್ಷ ಆಯ್ತು.”

ಹಾಗೆ ನಾನು ಕವಿಯಾದೆ. ಮನೆಯಲ್ಲಿ ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. ರೈಸ್ ಕುಕ್ಕರಿನ ಜೊತೆ ಬಂದ ಪುಸ್ತಕದ ಹಿಂದೆ ಎರಡು ಖಾಲಿ ಪುಟ ಇದ್ದವು, ಅದರಲ್ಲಿ ಬರೆದೆ. ಬೀಸುವ ಕಲ್ಲಿನ ಮುಂದೆ ಕುಳಿತು ಕೇಳಿದ ಮೂರು ಸಾಲಿನ ಧಾಟಿ ನನಗೆ ಗೊತ್ತಿತ್ತು. ಆ ರಷ್ಯಾದವನ ಡುಮ್ ಡುಮ್ ಇದೆಯಲ್ಲ, ಅದರ ನಡೆ ಬೀಸುವ ಕಲ್ಲಿನ ನಡೆಯೇ. ಹಿಟ್ಟು ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ. ಮೊದಲ ಪದ ಆ ಹುಡುಗನ ಮೇಲೆ ಕಟ್ಟಿದೆ:

ಹತ್ತೀಯ ಹಾಂಗ ಹಿಮ ಬಿದ್ದ ನಾಡಾಗ
ಬತ್ತೀಯ ಹಿಡಿದು ಅಳುವವನ | ಕೇಳಿದರ
ಸತ್ತವರು ಎದ್ದು ಬಂದಾರ?

ಅಲ್ಲಿಗೇ ನಿಲ್ಲಿಸಬೇಕಿತ್ತು. ಮರುದಿನ ಬೆಳಿಗ್ಗೆ ಸೊಪ್ಪು ಸೋಸುತ್ತಿದ್ದಾಗ ಇನ್ನೊಂದು ತಾನಾಗಿ ಬಂತು:

ಮಣ್ಣಾಗ ಮಲಗಿದರ ಮನಿಯೊಂದು ಇರತಿತ್ತ
ಹಣ್ಣು ಹಾಲ್ತುಪ್ಪ ತರತಿದ್ದೆ | ನನರಾಯ
ತಣ್ಣೀರಿಗೆಲ್ಲಿ ಬಾಗೀಲ?

ಇದನ್ನು ಕೊಡುವುದೋ ಬೇಡವೋ ಎಂದು ಎರಡು ದಿನ ಪುಸ್ತಕವನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೆ. ಕೊನೆಗೆ ಕೊಟ್ಟೆ. ನಿನಗೆ ಅರ್ಥವಾಗಲಿಕ್ಕಿಲ್ಲ ಎಂಬ ಧೈರ್ಯವಿತ್ತು. ನೀನು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು “ಸೌಂಡ್ ಚೆನ್ನಾಗಿದೆ ಅಜ್ಜಿ” ಎಂದೆ. ನನ್ನ ಕಾವ್ಯಕ್ಕೆ ಬಂದ ಮೊದಲ ವಿಮರ್ಶೆ ಅದು.

ನೀವು ಮೂವರು ಹುಡುಗಿಯರು ಕಟ್ಟಡದ ಕೆಳಗೆ, ವಾಯ್ಡ್ ಡೆಕ್ ಎನ್ನುವ ಖಾಲಿ ಅಂಗಳದಲ್ಲಿ ತಾಲೀಮು ಮಾಡಿದಿರಿ. ಮೂವರೂ ಕಪ್ಪು ಬಟ್ಟೆ, ಕಾಡಿಗೆ. ಸಾವಾದ ಮನೆಯವರು ಜನರನ್ನು ಕೂರಿಸುವುದೂ ಅದೇ ಜಾಗದಲ್ಲಿ ಎಂಬುದು ನಿಮಗೆ ಹೊಳೆದಿರಲಿಲ್ಲ. ನಾಲ್ಕನೆಯ ಮಹಡಿಯ ಚೀನೀ ತಾತ ತರಕಾರಿ ಚೀಲ ಹಿಡಿದು ಬಂದವರು ನಿಂತು ತಲೆ ಬಗ್ಗಿಸಿದರು. ಆಮೇಲೆ ಹೆಣದ ಪೆಟ್ಟಿಗೆ ಎಲ್ಲಿದೆ ಎಂದು ಕಂಬದ ಹಿಂದೆಲ್ಲ ನೋಡಿದರು. ಸಿಗಲಿಲ್ಲ. “ಆಂಟಿ, ಹೂ ಡೈ?” ಎಂದು ನನ್ನನ್ನೇ ಕೇಳಿದರು. ನಾನು ಕೈಯಾಡಿಸಿದೆ. ಸತ್ತವರೇ ಇಲ್ಲದೆ ಇಷ್ಟು ದುಃಖ ಮಾಡುವವರನ್ನು ಅವರು ಮೊದಲ ಸಲ ನೋಡಿದ್ದಿರಬೇಕು, ಬೇಸರದಿಂದ ಲಿಫ್ಟ್ ಹತ್ತಿ ಹೋದರು.

ಕಾರ್ಯಕ್ರಮಕ್ಕೆ ಮೊದಲು ಫೋನಿನಲ್ಲಿ ಒಂದು ಅರ್ಜಿ ತುಂಬಬೇಕಿತ್ತು. ‘ಸಂಗೀತ’ ಎಂಬಲ್ಲಿ ನೀನು ಆ ಹುಡುಗರ ಬ್ಯಾಂಡಿನ ಹೆಸರು ಬರೆದೆ. ‘ಸಾಹಿತ್ಯ’ ಎಂಬಲ್ಲಿ ‘ಅಜ್ಜಿ’ ಎಂದು ಬರೆದೆ. ನಿನ್ನ ಪ್ರಾಮಾಣಿಕತೆಯೇ ನಮ್ಮನ್ನು ಹಾಳು ಮಾಡಿದ್ದು. ಬ್ಯಾಂಡಿನ ಹೆಸರನ್ನು ಕಾರ್ಯದರ್ಶಿ ಅಂಕಲ್ ಕರೋಕೆ ಮಾಡಿಕೊಡುವ ಅಂಗಡಿಯ ಹೆಸರೆಂದು ತಿಳಿದರಂತೆ. ‘ಅಜ್ಜಿ’ ಎಂಬುದನ್ನು ಏನೆಂದು ತಿಳಿದರು ಎನ್ನುವುದು ಹಾಡು ಮುಗಿದ ಮೇಲೆ ಗೊತ್ತಾಯಿತು.

ಹಾಡು ಚೆನ್ನಾಗಿ ಬಂತು, ಅದನ್ನು ಒಪ್ಪಿಕೊಳ್ಳುತ್ತೇನೆ. ನಿನ್ನ ದನಿ ಅಷ್ಟು ಕೆಳಗೆ ಇಳಿಯುತ್ತದೆಂದು ಗೊತ್ತಿರಲಿಲ್ಲ. ಕೊನೆಯ ಸಾಲಿಗೆ ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಸೆರಗು ಹುಡುಕಿದೆ. ಅಷ್ಟರಲ್ಲಿ ಕಾರ್ಯದರ್ಶಿ ಅಂಕಲ್ ಮೈಕ್ ಹಿಡಿದರು.

“ಬಂಧುಗಳೇ, ನಾವೀಗ ಕೇಳಿದ್ದು ಅಜ್ಜಿಯಿಂದ ಅಜ್ಜಿಗೆ, ಬಾಯಿಂದ ಬಾಯಿಗೆ ಬಂದ ನೂರಾರು ವರ್ಷದ ಜಾನಪದ! ಇದಕ್ಕೆ ಕವಿ ಇಲ್ಲ. ಜನರೇ ಕವಿ. ‘ಹಿಮ ಬಿದ್ದ ನಾಡು’ ಅಂತ ಬಂತು ಗಮನಿಸಿದ್ರಾ? ನಮ್ಮ ಹಿರಿಯರು ಆ ಕಾಲದಲ್ಲೇ ಕೇದಾರಕ್ಕೆ ನಡೆದು ಹೋಗ್ತಿದ್ರು ಅನ್ನೋದಕ್ಕೆ ಇದು ಪ್ರೂಫ್!”

ಚಪ್ಪಾಳೆ. ಎರಡು ವಾರದ ಹಿಂದೆ ಅಕ್ಕಿ ಡಬ್ಬಿಯ ಕೆಳಗಿದ್ದ ಹಾಡು ಕೇದಾರಕ್ಕೆ ಹೋಗಿ ಬಂದಿತ್ತು.

ಊಟದ ಸಾಲಿನಲ್ಲಿ ಹಾಸನದ ಕಡೆಯ ಒಬ್ಬರು ಆಂಟಿ ನನ್ನ ಕೈ ಹಿಡಿದರು. “ನಮ್ಮಜ್ಜಿ ಇದೇ ಹಾಡು ಹೇಳೋರು ಕಣಮ್ಮ. ಇದೇ ಪದ. ನಾನು ಚಿಕ್ಕವಳಿದ್ದಾಗ ಅವರ ತೊಡೆ ಮೇಲೆ ಮಲಗಿ ಕೇಳ್ತಿದ್ದೆ.” ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಹಾಸನದ ಅಜ್ಜಿ ನನ್ನ ಗಂಡನ ಬೂದಿಯ ಮೇಲೆ ಐವತ್ತು ವರ್ಷ ಮೊದಲೇ ಹಾಡು ಕಟ್ಟಿದ್ದರೆಂದರೆ ಆಕೆ ಸಾಮಾನ್ಯಳಲ್ಲ. ನಾನು ತಟ್ಟೆ ನೋಡುತ್ತ “ಹೌದಾ” ಎಂದೆ. ಕಾರ್ಯದರ್ಶಿ ಅಂಕಲ್ ಬಂದು ಫೋನನ್ನು ನನ್ನ ಬಾಯಿಗೆ ಹಿಡಿದರು.

“ಅಮ್ಮಾ, ಇದನ್ನ ಯಾವ ಸಂದರ್ಭದಲ್ಲಿ ಹಾಡ್ತಿದ್ರು? ನಾಟಿ ಮಾಡುವಾಗಲಾ?”

“ಹೂಂ,” ಎಂದೆ.

ನೋಡಿ, ತಪ್ಪು ನನ್ನದೇ. ಅಲ್ಲ ಎನ್ನಲು ಒಂದು ವಾಕ್ಯ ಬೇಕು, ‘ಹೂಂ’ಗೆ ಬಾಯಿ ತೆರೆಯಬೇಕಾಗಿಯೂ ಇಲ್ಲ. ನಿಮ್ಮ ತಾತನನ್ನು ಸುಟ್ಟ ದಿನವೂ ಯಾರು ಏನು ಹೇಳಿದರೂ ನಾನು ಅಂದದ್ದು ಅದೊಂದೇ.

ನೀನು ಆ ವಿಡಿಯೋವನ್ನು ಇಂಟರ್ನೆಟ್ಟಿಗೆ ಹಾಕಿ ರಷ್ಯಾದ ಹುಡುಗರಿಗೂ ಕಳಿಸಿದೆ. ಅವರಿಗೆ ಬೇರೆ ಕೆಲಸವಿಲ್ಲವೋ ಏನೋ, ಎರಡೇ ದಿನದಲ್ಲಿ ಉತ್ತರ ಬಂತು. ನೀನು ಓದಿ ಹೇಳಿದೆ. ‘ನಾವು ನಾಲ್ವರೂ ನಮ್ಮ ಅಡಿಗೆಮನೆಯಲ್ಲಿ ನಿಂತು ಕೇಳಿದೆವು, ಮಾತು ತಿಳಿಯಲಿಲ್ಲ, ಆದರೂ ಒಬ್ಬ ಅತ್ತ, ಪದ ಬರೆದ ಕವಿ ಯಾರು?’ ಎಂದು ಆ ಹುಡುಗರು ಬರೆದಿದ್ದರು.

ಇದನ್ನು ನಿಧಾನವಾಗಿ ಓದಿಕೊಳ್ಳಿ. ಪದದ ಅರ್ಥ ತಿಳಿದ ಇನ್ನೂರು ಜನ ಕೂತಿದ್ದ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಒಂದಕ್ಷರ ತಿಳಿಯದ ನಾಲ್ಕು ಕಾಡಿಗೆಯ ಹುಡುಗರು ಕೇಳಿದ್ದರು. ನೀನು ‘ನನ್ನಜ್ಜಿ’ ಎಂದು ಬರೆದೆ. ‘ಅಜ್ಜಿಗೆ ನಮಸ್ಕಾರ ತಿಳಿಸು’ ಎಂದು ಬರೆದರು. ಅವರು ಟೋಪಿ ಹಾಕಿಕೊಳ್ಳಲಿ ಎಂದು ಬರೆ ಎಂದೆ. ನೀನು ಬರೆಯಲಿಲ್ಲ.

ಆ ಸಂತೋಷ ಒಂದು ವಾರವೂ ಉಳಿಯಲಿಲ್ಲ. ಪುಟ್ಟಿ, ಇಲ್ಲಿ ನಿನ್ನ ಪಾಲು. ‘ಒರಿಜಿನಲ್ ಇದಕ್ಕಿಂತ ಕೂಲ್ ಲಾ’ ಎಂದು, ಇಲ್ಲಿಯವರ ಹಾಗೆ ಲಾ ಹಚ್ಚಿ, ಕೂಟದ ಫೋನ್ ಗುಂಪಿಗೆ ಆ ಹುಡುಗರ ವಿಡಿಯೋ ಕಳಿಸಿದವಳು ನೀನು. ಕಾರ್ಯದರ್ಶಿ ಅಂಕಲ್ ಅದನ್ನು ನೋಡಿದರು. ಅದೇ ಧಾಟಿ, ಅದೇ ಬತ್ತಿ, ಅದೇ ಹಿಮ. ಬೇರೆಯವರಾಗಿದ್ದರೆ ಕನ್ನಡದ ಹಾಡು ಇದರಿಂದ ಬಂದಿರಬಹುದು ಎಂದುಕೊಳ್ಳುತ್ತಿದ್ದರು. ಅವರು ಅಷ್ಟು ಸುಲಭದ ಮನುಷ್ಯರಲ್ಲ. ನೂರಾರು ವರ್ಷದ ನಮ್ಮ ಜಾನಪದವನ್ನು ರಷ್ಯಾದವರು ಕದ್ದಿದ್ದಾರೆ ಎಂದು ಕಂಡುಹಿಡಿದರು. ಗುಂಪಿನಲ್ಲಿ ಉದ್ದನೆಯ ಪತ್ರ ಹಾಕಿದರು. ಕನ್ನಡಿಗರು ಮಲಗಿದ್ದಾರೆ ಎಂದರು. ಮಲಗಿದ್ದವರೆಲ್ಲ ಎದ್ದು, ಆ ಹುಡುಗರ ವಿಡಿಯೋದ ಕೆಳಗೆ ಕಳ್ಳರು ಕಳ್ಳರು ಎಂದು ಬರೆಯತೊಡಗಿದರು. ಭಾನುವಾರ ಸಭೆ, ರಾಯಭಾರ ಕಚೇರಿಗೆ ದೂರು ಕೊಡುವ ವಿಚಾರ, ಉಪಾಹಾರದ ವ್ಯವಸ್ಥೆ ಇದೆ.

ನೀನು ಊಟ ಬಿಟ್ಟೆ. “ಅಜ್ಜಿ, ಅವರು ನಾನೇ ಹೀಗೆ ಹೇಳಿಸಿದೆ ಅಂದ್ಕೊಳ್ತಾರೆ. ನಾನು ಅವರದ್ದು ತಗೊಂಡು ಅವರನ್ನೇ ಕಳ್ಳರು ಅಂದ ಹಾಗಾಯ್ತು. ನಾನು ಹೇಳಿದ್ರೆ ಅಂಕಲ್ ಕೇಳ್ತಿಲ್ಲ, ಚಿಕ್ಕೋಳು, ನಿಂಗೇನು ಗೊತ್ತು ಅಂತಾರೆ. ನೀನು ಹೇಳು.”

“ನಾ ಹೆಂಗ ಹೇಳಲೇ? ಅಷ್ಟ ಮಂದ್ಯಾಗ?”

“ಅಜ್ಜಿ, ಪ್ಲೀಸ್.”

ನಿನ್ನ ಕಣ್ಣಲ್ಲಿ ಅಂದು ಕಾಡಿಗೆ ಇರಲಿಲ್ಲ. ಬರೀ ಮುಖದಲ್ಲಿ ಎಷ್ಟು ಚಿಕ್ಕವಳಾಗಿ ಕಂಡೆ! ನಾನು ಸುಮ್ಮನಿದ್ದರೆ ನಾಲ್ಕು ಹುಡುಗರು ಕಳ್ಳರಾಗುತ್ತಿದ್ದರು, ನೀನು ಸುಳ್ಳಿಯಾಗುತ್ತಿದ್ದೆ. ನಿಮ್ಮ ತಾತನ ಮೇಲಿನ ಪದ ಯಾರೋ ನಾಟಿ ಮಾಡುವವರ ಪಾಲಾಗುತ್ತಿತ್ತು. ಸುಮ್ಮನಿರುವುದರಲ್ಲಿ ನನಗೆ ಬಹಳ ಅಭ್ಯಾಸವಿತ್ತು. ಅದರಿಂದ ಒಮ್ಮೆ ಏನಾಗಿತ್ತು ಎಂಬುದೂ ಗೊತ್ತಿತ್ತು.

ಸಭೆ ಕಾರ್ಯದರ್ಶಿ ಅಂಕಲ್ ಇರುವ ಜುರಾಂಗ್ ಈಸ್ಟಿನ ಕಾಂಡೋ ಎಂಬ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ರೈಲು ಬದಲಿಸಿ ಹೋದೆವು. ದಾರಿಯುದ್ದಕ್ಕೂ ನಾನು ಒಂದೇ ವಾಕ್ಯ ಬಾಯಿಪಾಠ ಮಾಡಿದೆ. ಕುರ್ಚಿ ಜೋಡಿಸಲು ನಿಮ್ಮಪ್ಪ ಮೊದಲೇ ಹೋಗಿದ್ದ. ಕೂಟದಲ್ಲಿ ಅವನ ಸ್ಥಾನಮಾನ ಅದು. ಉಪ್ಪಿಟ್ಟು, ಕಾಫಿ. ಗೋಡೆಯ ಮೇಲೆ ದೊಡ್ಡದಾಗಿ ಆ ನಾಲ್ಕು ಹುಡುಗರ ಚಿತ್ರ, ಪೊಲೀಸ್ ಠಾಣೆಯಲ್ಲಿ ತೂಗುಹಾಕಿದ ಹಾಗೆ. ಅವರ ಮುಖಗಳೂ ಅದಕ್ಕೆ ತಕ್ಕಂತೆಯೇ ಇದ್ದವು.

ಕಾರ್ಯದರ್ಶಿ ಅಂಕಲ್ ಅರ್ಧ ಗಂಟೆ ಮಾತಾಡಿದರು. ನನ್ನ ‘ಹೂಂ’ ಅನ್ನು ಎರಡು ಸಲ ಫೋನಿನಲ್ಲಿ ಕೇಳಿಸಿದರು. ಸಾಕ್ಷಿಯಂತೆ. ನಾನು ಎದ್ದು ನಿಂತೆ. ಯಾರೂ ನೋಡಲಿಲ್ಲ. ಕಾಫಿ ಬೇಕಾಗಿರಬೇಕೆಂದು ಒಬ್ಬರು ಲೋಟ ಕೊಟ್ಟರು. ನಾನು ಲೋಟ ಹಿಡಿದುಕೊಂಡೇ ಹೇಳಿದೆ:

“ಆ ಪದ ನಾ ಬರದೀನಿ.”

ಬಾಯಿಪಾಠ ಮಾಡಿದ್ದು ಅಷ್ಟೇ. ಮುಂದಿನದು ಎಲ್ಲಿಂದ ಬಂತೋ ಗೊತ್ತಿಲ್ಲ. “ಧಾಟಿ ಆ ಹುಡುಗರದು. ಹಿಮ, ಬತ್ತಿ ಎಲ್ಲಾ ಅವರದು. ಅವರು ನಮ್ಮದು ಕದ್ದಿಲ್ಲ, ನಾ ಅವರದು ತಗೊಂಡೀನಿ. ಎರಡನೇ ಪದ ನಂದು. ನನ್ನ ಗಂಡನ್ನ ಮಣ್ಣು ಮಾಡಲಿಲ್ಲ, ಸುಟ್ಟು ಸಮುದ್ರಕ್ಕ ಬಿಟ್ವಿ. ನಮ್ಮ ಮಂದ್ಯಾಗ ಹಂಗ ಮಾಡೂದಿಲ್ಲ. ಹಾಲು ತುಪ್ಪ ಬಿಡಾಕ ನನಗ ಒಂದು ಗೋರಿ ಇಲ್ಲ. ತಣ್ಣೀರಿಗೆಲ್ಲಿ ಬಾಗಿಲ ಅಂದ್ರ ಅದು. ನಾಟಿ ಮಾಡೋ ಹಾಡಲ್ಲ. ನಮ್ಮೂರಾಗ ನಾಟೀನ ಮಾಡೂದಿಲ್ಲ, ನಮ್ಮದು ಜೋಳದ ಹೊಲ.”

 ಹಾಸನದ ಆಂಟಿ ತಮ್ಮ ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕತೊಡಗಿದರು. ಹಿಂದೆ ಗೋಡೆಯ ಬಳಿ ನಿಮ್ಮಪ್ಪ ಒಂದು ಕುರ್ಚಿಯನ್ನು ಎತ್ತಿಕೊಂಡವನು ಎಲ್ಲೂ ಇಳಿಸದೆ ನಿಂತಿದ್ದ.

ಕಾರ್ಯದರ್ಶಿ ಅಂಕಲ್ ಸುಧಾರಿಸಿಕೊಂಡರು. “ಅದ್ಭುತ ಅಮ್ಮಾ! ನೋಡಿ ಬಂಧುಗಳೇ, ಜಾನಪದದ ಶಕ್ತಿ ಅಂದ್ರೆ ಇದೇ. ಹಾಡಿದವರಿಗೆಲ್ಲ ಇದು ನನ್ನದೇ, ನಾನೇ ಬರೆದೆ ಅನ್ನಿಸಿಬಿಡುತ್ತೆ!”

ಮತ್ತೆ ಚಪ್ಪಾಳೆ. ನನ್ನ ಆಯುಷ್ಯದ ಮೊದಲ ಭಾಷಣಕ್ಕೆ ಸಿಕ್ಕಿದ ಫಲ.

ಆಗ ನೀನು ಎದ್ದೆ. “ಅಂಕಲ್, ಅಜ್ಜಿ ಹ್ಯಾಂಡ್‌ರೈಟಿಂಗ್ ಇದು. ರೈಸ್ ಕುಕ್ಕರ್ ಮ್ಯಾನುಯಲ್. ಈ ಮಾಡೆಲ್ ಬಂದಿದ್ದೇ ಹೋದ ವರ್ಷ. ಇದರ ಮೇಲೆ ನೂರು ವರ್ಷದ ಹಿಂದೆ ಯಾರು ಬರೀತಾರೆ?” ಎಂದು ಪುಸ್ತಕವನ್ನು ಎತ್ತಿ ಹಿಡಿದೆ. ಪುಟದ ಮೇಲೆ ಅರಿಶಿನದ ಕಲೆ ಇತ್ತು. ಹೊಡೆದು ಹಾಕಿ ಮೂರು ಸಲ ತಿದ್ದಿದ ಸಾಲುಗಳಿದ್ದವು. ಅದನ್ನು ನೋಡಿದ ಮೇಲೆ ರಾಯಭಾರ ಕಚೇರಿಯ ಮಾತು ಯಾರೂ ಎತ್ತಲಿಲ್ಲ. ಗುಂಪಿನ ಉದ್ದನೆಯ ಪತ್ರ ಸಂಜೆಗೆ ಸದ್ದಿಲ್ಲದೆ ಮಾಯವಾಯಿತು. ಕಳ್ಳರು ಎಂದು ಬರೆದವರು ಮತ್ತೆ ಮಲಗಿದರು. ನೀನು ಆ ಹುಡುಗರಿಗೆ ಎಲ್ಲವನ್ನೂ ಬಿಡಿಸಿ ಬರೆದೆ. ಅವರು ತಮ್ಮ ಮೇಲೆ ಯಾರಾದರೂ ಸಿಟ್ಟಾಗಿದ್ದು ಇದೇ ಮೊದಲು, ಬ್ಯಾಂಡಿಗೆ ಒಳ್ಳೆಯದಾಯಿತು ಎಂದು ಉತ್ತರ ಬರೆದರಂತೆ. ಎಂಥ ಮಂದಿಯೋ!

ಹಿಂದಿರುಗುವಾಗ ರೈಲಿನಲ್ಲಿ ನಿಮ್ಮಪ್ಪ ನನ್ನ ಪಕ್ಕ ಕುಳಿತ. ಫೋನ್ ಜೇಬಿನಲ್ಲೇ ಇತ್ತು. ಅದೇ ಒಂದು ಸುದ್ದಿ. ಅರ್ಧ ದಾರಿಯಾದ ಮೇಲೆ ಕೇಳಿದ.

“ಅವ್ವಾ, ಆವಾಗ ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲಪ್ಪ.”

“ನೀ ಸುಮ್ಮನ ಕುಂತಿದ್ದಿ. ಒಪ್ಪಿಗೆ ಐತಿ ಅಂತ ತಿಳಕೊಂಡೆ.”

“ನಾ ಯಾವತ್ತ ಸುಮ್ಮನ ಕುಂತಿಲ್ಲ, ಹೇಳು?”

ಅವನು ಕಿಟಕಿಯ ಕಡೆ ನೋಡಿದ. ಸುರಂಗದಲ್ಲಿ ಕಿಟಕಿಯ ಹೊರಗೆ ಏನೂ ಇರುವುದಿಲ್ಲ, ಬರೀ ಕತ್ತಲೆ. ಆದರೂ ನಿಲ್ದಾಣ ಬರುವ ತನಕ ನೋಡಿದ. ನಾನು ಅವನ ಮೊಳಕಾಲ ಮೇಲೆ ಕೈ ಇಟ್ಟೆ. ಆಮೇಲೆ ನನಗೇ ನಾಚಿಕೆಯಾಗಿ ತೆಗೆದೆ. ತಪ್ಪು ಅವನೊಬ್ಬನದೇ ಎಂದು ನಾನು ಆರು ವರ್ಷ ಲೆಕ್ಕ ಹಾಕಿದ್ದೆ. ಅಂದು ಆ ಲೆಕ್ಕ ಸರಿಬರಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ನಾವೆಲ್ಲ ಚಾಂಗಿ ಕಡೆಯ ದಂಡೆಗೆ ಹೋದದ್ದು ನಿಮಗೆ ನೆನಪಿದೆ. ಸಮುದ್ರಕ್ಕೆ ಹಾಲು ಬಿಟ್ಟರೆ ದಂಡ ಹಾಕುತ್ತಾರೆಯೇ ಎಂದು ನಿಮ್ಮಪ್ಪ ಅರ್ಧ ಗಂಟೆ ಫೋನಿನಲ್ಲಿ ಹುಡುಕಿದ. ಉತ್ತರ ಸಿಗದೆ, ಒಂದೇ ಒಂದು ಚಮಚ ಬಿಡೋಣ ಎಂದು ತೀರ್ಮಾನಿಸಿದ. ಅಂಗಡಿಯ ಡಬ್ಬದ ಹಾಲು, ಲಿಟಲ್ ಇಂಡಿಯಾದ ತುಪ್ಪ, ಹಾರಾಡುವ ವಿಮಾನಗಳ ಕೆಳಗೆ. “ಅಜ್ಜಿ, ಮೀನಿಗೆ ಕೊಲೆಸ್ಟ್ರಾಲ್ ಬರುತ್ತೆ ಲಾ,” ಎಂದಳು ಪುಟ್ಟಿ. ನಿಮ್ಮಮ್ಮ ಅವಳನ್ನು ಗದರಿ, ತಾನೇ ಮುಖ ತಿರುಗಿಸಿ ನಕ್ಕಳು. ನಾನು ಚಮಚ ಬಗ್ಗಿಸಿದೆ. ಚಿನ್ನಿ, ನೀನು ಹೇಳದೆ ಕೇಳದೆ ಹಾಡತೊಡಗಿದೆ, ಗಿಟಾರಿಲ್ಲದೆ. ನಾನೂ ಜೊತೆಗೆ ಹಾಡಿದೆ, ಮೆಲ್ಲಗೆ. ನಡುವೆ ಹಾಡು ಬಿಟ್ಟು ನಿಮ್ಮ ತಾತನನ್ನು ನಾಲ್ಕು ಮಾತು ಬೈದೆ, ಕನ್ನಡಕ ಎಲ್ಲಿಟ್ಟಿರಿ ಎಂದು ಹೇಳದೆ ಹೋದಿರಲ್ಲ ಎಂದು. ಆರು ವರ್ಷದ ಹಿಂದಿನ ಬೈಗುಳ, ಹಳಸಿರಲಿಲ್ಲ. ನಾಯಿ ಓಡಾಡಿಸಲು ಬಂದಿದ್ದ ಒಬ್ಬ ಮನುಷ್ಯ ನಿಂತು ನೋಡಿ ದೂರ ಸರಿದು ಹೋದ. ಅವನೂ ಮರ್ಯಾದೆಯಿಂದಲೇ ನಡೆದುಕೊಂಡ.

ಅಂದು ನನಗೊಂದು ತಿಳಿಯಿತು. ನೀರಿಗೆ ಬಾಗಿಲಿಲ್ಲದಿದ್ದರೆ ಬಡಿಯುವ ಕೆಲಸವೂ ಇಲ್ಲ, ದಂಡೆಯ ಮೇಲೆ ನಿಂತು ಮಾತಾಡಿದರೆ ಸಾಕು. ಆದ್ದರಿಂದ ನನ್ನ ಸರದಿ ಬಂದಾಗ ಯಾರೂ ಫೋನಿನಲ್ಲಿ ಹುಡುಕುವುದು ಬೇಡ. ನನ್ನನ್ನೂ ಅದೇ ನೀರಿಗೆ ಬಿಡಿ. ಈ ಸಲ ಕೇಳದೆಯೇ ಹೇಳಿದ್ದೇನೆ, ಬರೆದೂ ಇಟ್ಟಿದ್ದೇನೆ.

ಈ ವರ್ಷದ ಕೂಟದ ಸಂಚಿಕೆ ಮೊನ್ನೆ ಬಂತು. ಒಳ್ಳೆಯ ಹೊಳೆಯುವ ಕಾಗದ. ನನ್ನ ಎರಡು ಪದಗಳನ್ನು ಮೂರು ತಪ್ಪುಗಳೊಡನೆ ಅಚ್ಚು ಹಾಕಿದ್ದಾರೆ. ಮೇಲೆ ‘ಜನಪದ ಗೀತೆ’ ಎಂದಿದೆ. ಕೆಳಗೆ ‘ಸಂಗ್ರಹ’ ಎಂದು ಕಾರ್ಯದರ್ಶಿ ಅಂಕಲ್ಲಿನ ಹೆಸರು, ಬಣ್ಣದ ಫೋಟೋ. ನಾನು ಜಗಳಕ್ಕೆ ಹೋಗುವುದಿಲ್ಲ. ಒಂದು ಆಯುಷ್ಯಕ್ಕೆ ಒಂದು ಭಾಷಣ ಸಾಕು. ಆದರೆ ಮುಂದೆ ಯಾರಾದರೂ ಆ ಹೊಳೆಯುವ ಕಾಗದವನ್ನು ನಂಬಿಯಾರು, ಮತ್ತೆ ಯಾರನ್ನೋ ಕಳ್ಳರೆಂದಾರು. ಆಗ ತೋರಿಸಲು ಈ ಹಾಳೆಗಳು ಬೇಕು. ರೈಸ್ ಕುಕ್ಕರಿನ ಪುಸ್ತಕವನ್ನೂ ಇದರ ಜೊತೆಗೇ ಇಟ್ಟಿದ್ದೇನೆ, ಕುಕ್ಕರ್ ಕೆಟ್ಟರೂ ಅದನ್ನು ಎಸೆಯಬೇಡಿ. ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಿಮ್ಮಪ್ಪನ ಕೈಗೆ ಸಿಗದ ಕಡೆ ಇಡಿ. ಅವನು ಮನೆ ಚೊಕ್ಕ ಮಾಡುವ ಭರದಲ್ಲಿ ಏನನ್ನೂ ಬಿಡುವವನಲ್ಲ. ನಾನು ನೀರಿಗೆ ಹೋದರೆ ಚಿಂತೆಯಿಲ್ಲ. ಇವು ಮಾತ್ರ ಒದ್ದೆಯಾಗದಂತೆ ನೋಡಿಕೊಳ್ಳಿ.